ಜನರೇಟರ್ ಹೊರಗಿರಲಿ, ಪಾಠ ಒಳಗಿರಲಿ



ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಡಗರ. ಒಂದು ಕೊಠಡಿಯಲ್ಲಿ ಕೋಲಾಟದ ತಾಲೀಮು, ಇನ್ನೊಂದರಲ್ಲಿ ನಾಟಕದ ಮಾತು ಉರು ಹೊಡೆಯುವ ಗಲಾಟೆ. ಶಾಮಿಯಾನ, ಮೈಕ್ ಸೆಟ್, ಸೀರಿಯಲ್ ಲೈಟುಗಳ ಜೊತೆಗೆ ಬಾಡಿಗೆಗೆ ಬರುವ ಇನ್ನೊಬ್ಬ ಅತಿಥಿ ಎಂದರೆ ಜನರೇಟರ್. ಕರೆಂಟು ಹೋದರೂ ಕಾರ್ಯಕ್ರಮ ನಿಲ್ಲಬಾರದಲ್ಲ! ಈ ಅತಿಥಿಯನ್ನು ನೀವು ಎಲ್ಲಿ ಕೂರಿಸುತ್ತೀರಿ? ಇದೇ ಈ ಸಲದ ನನ್ನ ಪ್ರಶ್ನೆ.

ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರ ಕೊಡುವವರು ಮೈಕ್ ಸೆಟ್‌ನ ಹುಡುಗರು. ವೈರು ಎಲ್ಲಿಗೆ ಎಟಕುತ್ತದೋ ಅಲ್ಲಿ ಜನರೇಟರ್ ಕೂರುತ್ತದೆ. ಇದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಜನರೇಟರ್ ಎಲ್ಲಿರಬೇಕು ಎಂಬುದನ್ನು ಶಾಲೆಯ ವಿಜ್ಞಾನ ಶಿಕ್ಷಕರು ನಿರ್ಧರಿಸಬೇಕು. ಅದನ್ನು ಮಕ್ಕಳ ಎದುರಿಗೇ, ಒಂದು ಪಾಠದಂತೆ ನಿರ್ಧರಿಸಬೇಕು. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ತಿಳಿಸಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು.

ನನ್ನ ಎಂ.ಎಸ್ಸಿ. ಕೆಲಸಕ್ಕೆ ಬಾರದ ರಾತ್ರಿ

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಜನವರಿ ತಿಂಗಳು. ಸಂಜೆ ಏಳಕ್ಕೇ ಇಬ್ಬನಿ ಬೀಳಲು ಶುರು. ಮೈಕ್ ಸೆಟ್‌ನ ಹುಡುಗ ಪೆಟ್ರೋಲ್ ಜನರೇಟರನ್ನು ಇಳಿಸಿ, “ಎಲ್ಲಿಡ್ಲಿ ಸಾರ್?” ಎಂದ. ಬಯಲಿನಲ್ಲಿಟ್ಟರೆ ಇಬ್ಬನಿಗೆ ನೆನೆಯುತ್ತದೆ, ಕತ್ತಲಲ್ಲಿ ಯಾರಾದರೂ ಎಡವಿಯಾರು, ಸಭಿಕರಿಗೆ ಅದರ ಸದ್ದೇ ಕೇಳಿಸೀತು. ಹೀಗೆಲ್ಲ ಯೋಚಿಸಿ ನಾನೇ ಜಗುಲಿಯ ಮೂಲೆಯನ್ನು ತೋರಿಸಿದೆ. ಅದಕ್ಕೆ ತಾಗಿಕೊಂಡೇ ಇದ್ದದ್ದು ಮಕ್ಕಳು ವೇಷ ಹಾಕಿಕೊಳ್ಳುವ ಕೊಠಡಿ. ಚಳಿಗೆಂದು ಅದರ ಕಿಟಕಿಗಳನ್ನು ಮುಚ್ಚಿ ಚಿಲಕ ಹಾಕಿದ್ದೆವು. ಮೇಲಿನ ಗವಾಕ್ಷಿ ಮಾತ್ರ ತೆರೆದಿತ್ತು.

ಎಂಟೂವರೆಗೆ ಕರೆಂಟು ಹೋಯಿತು. ಜನರೇಟರ್ ಶುರುವಾಯಿತು. ಒಂಬತ್ತು ದಾಟುವಷ್ಟರಲ್ಲಿ ಒಂದನೇ ತರಗತಿಯ ಹುಡುಗಿ ತಲೆನೋವು ಎಂದಳು. ಅವಳ ಹಿಂದೆ ಇನ್ನಿಬ್ಬರು. ಒಬ್ಬ ಹುಡುಗ ವಾಂತಿ ಮಾಡಿದ. ಹಸಿವಿರಬೇಕು, ಮುಖದ ಬಣ್ಣದ ವಾಸನೆ ಇರಬೇಕು, ಶೀತ ಆಗಿರಬೇಕು, ವೇದಿಕೆಯ ಹೆದರಿಕೆ ಇರಬೇಕು. ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಬಿಸ್ಕತ್ತು ಕೊಟ್ಟು ಅಲ್ಲೇ ಚಾಪೆ ಹಾಸಿ ಮಲಗಿಸಿದೆ. ಅದೇ ಕೊಠಡಿಯಲ್ಲಿ!

ಆಗ ಬಿಸಿಯೂಟದ ಅಡುಗೆಯ ಅಕ್ಕ ನನ್ನ ಹತ್ತಿರ ಬಂದರು. “ಸಾರ್, ಈ ಮಕ್ಳು ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಸರಿಹೋಗ್ತಾವೆ. ಒಳಗೆ ಹೋದ್ರೆ ಮತ್ತೆ ತಲೆನೋವು ಅಂತಾವೆ. ಆ ಕೋಣೇಲೇ ಏನೋ ಇದೆ” ಎಂದರು.

ಆಗ ನನಗೆ ಎಚ್ಚರವಾಯಿತು. ಮಕ್ಕಳನ್ನೆಲ್ಲ ಬಯಲಿಗೆ ಕರೆತಂದೆವು, ಜನರೇಟರ್ ನಿಲ್ಲಿಸಿದೆವು, ಇಬ್ಬರನ್ನು ಜೀಪಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಆದರೆ ದೂರದ ಒಂಟಿಮನೆಗಳಿಂದ ಬಂದಿದ್ದ ಹನ್ನೆರಡು ಮಕ್ಕಳು ಆ ರಾತ್ರಿ ಅದೇ ಕೊಠಡಿಯಲ್ಲಿ ಮಲಗುವವರಿದ್ದರು. ಕಾರ್ಯಕ್ರಮ ಮುಗಿಯುವಾಗ ಒಂದು ಗಂಟೆಯಾಗುತ್ತಿತ್ತು. ಅಲ್ಲಿಯವರೆಗೂ ಜನರೇಟರ್ ಓಡುತ್ತಿತ್ತು. ಮುಂದಿನದನ್ನು ಯೋಚಿಸಿದರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಆದರೆ ಆ ರಾತ್ರಿ ಗಮನಿಸಿದವರು, ಹೋಲಿಸಿ ನೋಡಿದವರು, ತೀರ್ಮಾನಕ್ಕೆ ಬಂದವರು ಅಡುಗೆಯ ಅಕ್ಕ. ವಿಜ್ಞಾನದ ವಿಧಾನ ಎಂದು ನಾವು ಬೋರ್ಡಿನ ಮೇಲೆ ಬರೆಯುವುದು ಇದನ್ನೇ ಅಲ್ಲವೇ?

ಮೂಗಿಗೆ ಸಿಗದ ಅನಿಲ

ಆ ಕೊಠಡಿಯಲ್ಲಿ ಇದ್ದದ್ದು ಕಾರ್ಬನ್ ಮೊನಾಕ್ಸೈಡ್. ಇಂಧನ ಉರಿಯುವಾಗ ಸಾಕಷ್ಟು ಆಕ್ಸಿಜನ್ ಸಿಕ್ಕರೆ ಅದರಲ್ಲಿನ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆಕ್ಸಿಜನ್ ಕಡಿಮೆ ಬಿದ್ದರೆ ದಹನ ಅಪೂರ್ಣವಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಜನರೇಟರಿನ ಹೊಗೆಯಲ್ಲಿ ನಮ್ಮ ಮೂಗಿಗೆ ಬಡಿಯುವ ವಾಸನೆ ಬೇರೆ ವಸ್ತುಗಳದ್ದು. ಸ್ವಲ್ಪ ಹೊತ್ತಿಗೆ ಮೂಗು ಅದಕ್ಕೂ ಒಗ್ಗಿಕೊಳ್ಳುತ್ತದೆ.

ಒಳಗೆ ಹೋದ ಮೇಲೆ ಅದು ಮಾಡುವ ಕೆಲಸವೇನು? ಹಳ್ಳಿಯ ಬಸ್ಸನ್ನು ನೆನಪಿಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವವರಿರುತ್ತಾರೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಒಯ್ಯುವ ಬಸ್ಸು. ಒಂದೊಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸೀಟು. ಕಾರ್ಬನ್ ಮೊನಾಕ್ಸೈಡ್ ಟವಲು ಎಸೆಯುವ ಗಿರಾಕಿ. ಸೀಟು ಹಿಡಿಯುವುದರಲ್ಲಿ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಚುರುಕು. ಒಮ್ಮೆ ಕೂತರೆ ಬೇಗ ಏಳುವುದೂ ಇಲ್ಲ.

ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ. ಗಾಳಿಯ 1,000 ಪಾಲಿನಲ್ಲಿ ಆಕ್ಸಿಜನ್ ಸುಮಾರು 210 ಪಾಲು. ಕಾರ್ಬನ್ ಮೊನಾಕ್ಸೈಡ್ ಬರೀ 1 ಪಾಲು ಸೇರಿತೆನ್ನಿ. ಅದರ ಚುರುಕು 200 ಪಟ್ಟು ಹೆಚ್ಚಾದ್ದರಿಂದ ಆ ಒಂದು ಪಾಲು 210 ಪಾಲಿಗೆ ಹೆಚ್ಚುಕಡಿಮೆ ಸರಿಸಮ! ಅಂಥ ಗಾಳಿಯಲ್ಲಿ ಕೆಲವು ಗಂಟೆ ಇದ್ದರೆ ರಕ್ತದ ಅರ್ಧದಷ್ಟು ಸೀಟುಗಳು ಅದರ ಪಾಲಾಗುತ್ತವೆ. ಮಿದುಳಿಗೂ ಹೃದಯಕ್ಕೂ ಆಕ್ಸಿಜನ್ ಸಾಲದೆ ಮನುಷ್ಯ ಸಾಯಬಹುದು. ಮಲಗಿದ್ದವರಿಗೆ ಎಚ್ಚರವೂ ಆಗದಿರಬಹುದು.

ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ. ಹಾಗಾಗಿ ಇದರ ಪರಿಣಾಮ ಅವರ ಮೇಲೆ ಬೇಗ ಕಾಣುತ್ತದೆ. ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ಸ್ವತಃ ತಾನೇ ಉಸಿರಾಡಿ ಪರೀಕ್ಷಿಸಿದರು. ಗಣಿಗೆ ಇಳಿಯುವವರು ಇಲಿ, ಪುಟ್ಟ ಹಕ್ಕಿಗಳಂಥ ಸಣ್ಣ ಪ್ರಾಣಿಗಳನ್ನು ಜೊತೆಗೆ ಒಯ್ಯಬೇಕೆಂದು ಸಲಹೆ ಮಾಡಿದವರೂ ಅವರೇ. ವೇಗವಾಗಿ ಉಸಿರಾಡುವ ಕ್ಯಾನರಿ ಹಕ್ಕಿ ಮನುಷ್ಯನಿಗಿಂತ ಮೊದಲು ಕುಸಿಯುತ್ತಿತ್ತು. ಅದನ್ನು ಕಂಡು ಗಣಿಯವರು ಹೊರಗೆ ಓಡುತ್ತಿದ್ದರು. ನಮ್ಮ ಶಾಲೆಯಲ್ಲಿ ಆ ರಾತ್ರಿ ಕ್ಯಾನರಿಗಳಾದವರು ಒಂದನೇ ತರಗತಿಯ ಮಕ್ಕಳು. ನಾನು ಹೊರಗೆ ಓಡಲಿಲ್ಲ, ಬಿಸ್ಕತ್ತು ಕೊಟ್ಟೆ.

ಚಳಿಗೂ ಇದಕ್ಕೂ ಏನು ನಂಟು?

“ಜನರೇಟರ್ ಬೇಸಿಗೆಯಲ್ಲೂ ಓಡುತ್ತದಲ್ಲ, ಚಳಿಗಾಲದ ಮಾತೇಕೆ?” ಎಂದು ನೀವು ಕೇಳಬಹುದು. ನಮ್ಮಲ್ಲಿ ಲಡಾಖಿನಂಥ ಚಳಿಯಿಲ್ಲ, ನಿಜ. ಅಲ್ಲಿ ಡೀಸೆಲ್ಲೇ ಗಟ್ಟಿಯಾಗಿಬಿಡುತ್ತದೆ. ಅದಕ್ಕಾಗಿ ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರಿನಲ್ಲಿ, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಲ್ಲೂ ಹರಿಯಬಲ್ಲ ಡೀಸೆಲನ್ನು ಬಿಡುಗಡೆ ಮಾಡಿತು. ಮಡಿಕೇರಿಯಲ್ಲಾಗಲಿ ಬೀದರಿನಲ್ಲಾಗಲಿ ನಮಗೆ ಆ ತೊಂದರೆಯಿಲ್ಲ. ನಮ್ಮ ತೊಂದರೆಗೆ ಬೇರೆ ಮೂರು ಕಾರಣಗಳಿವೆ.

ಮೊದಲನೆಯದು ಇಂಜಿನ್ನಿನದು. ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೇ ಚೋಕ್ ಎಳೆದು ಇಂಜಿನ್ ಶುರು ಮಾಡುತ್ತೇವೆ. ಚೋಕ್ ಎಳೆದಾಗ ಗಾಳಿಯ ದಾರಿ ಕಿರಿದಾಗಿ, ಪೆಟ್ರೋಲ್ ಹೆಚ್ಚು ಗಾಳಿ ಕಡಿಮೆ ಎಂಬಂತಾಗುತ್ತದೆ. ಗಾಳಿ ಕಡಿಮೆಯಾದರೆ ದಹನ ಅಪೂರ್ಣ. ಕಾರ್ಬನ್ ಮೊನಾಕ್ಸೈಡ್ ಅಷ್ಟೇ ಹೆಚ್ಚು. ಇಂಜಿನ್ ಬಿಸಿಯಾದ ಮೇಲೂ ಚೋಕ್ ಹಿಂದಕ್ಕೆ ಸರಿಸಲು ಮರೆತರಂತೂ ಕೇಳುವುದೇ ಬೇಡ.

ಎರಡನೆಯದು ನಮ್ಮ ಅಭ್ಯಾಸ. ಚಳಿಗೆ ಕಿಟಕಿ ಬಾಗಿಲು ಮುಚ್ಚುತ್ತೇವೆ. ಇಬ್ಬನಿಗೆ ಹೆದರಿ ಯಂತ್ರವನ್ನು ಸೂರಿನ ಕೆಳಗೆ ತರುತ್ತೇವೆ. ಮಕ್ಕಳು ಅದರ ಬಿಸಿಗೆ ಕೈಕಾಯಿಸಲು ಸುತ್ತ ಕೂರುತ್ತಾರೆ.

ಮೂರನೆಯದು ನಮ್ಮ ತಪ್ಪು ಊಹೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಈ ವಿಷದ ಲಕ್ಷಣಗಳು. ಚಳಿಗಾಲದಲ್ಲಿ ಇವೇ ಲಕ್ಷಣ ಕಂಡರೆ ನಾವು ಶೀತ ಜ್ವರ ಎಂದುಕೊಂಡು ಕಂಬಳಿ ಹೊದಿಸಿ, ಬಾಗಿಲು ಇನ್ನಷ್ಟು ಭದ್ರ ಮಾಡುತ್ತೇವೆ.

ಬೇರೆಡೆ ಆದದ್ದು

ಇದು ಓದು ಬರಹ ಬಾರದವರ ಸಮಸ್ಯೆ ಎಂದು ತಿಳಿಯಬೇಡಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಭಾರಿ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳ ಕರೆಂಟು ದಿನಗಟ್ಟಲೆ ಹೋಯಿತು. ಚಳಿ ತಾಳಲಾರದೆ ಜನ ಗ್ಯಾರೇಜಿನಲ್ಲಿ ಜನರೇಟರ್ ಓಡಿಸಿದರು, ಮನೆಯೊಳಗೆ ಇದ್ದಿಲು ಉರಿಸಿದರು, ಕಾರು ಚಾಲೂ ಮಾಡಿ ಒಳಗೆ ಕೂತರು. ಕಾರ್ಬನ್ ಮೊನಾಕ್ಸೈಡ್ ಸೇವಿಸಿ 1,400ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಓಡಬೇಕಾಯಿತು. ಆ ಹಿಮಗಾಳಿಯಿಂದ ಸತ್ತವರೆಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟ 246 ಜನರಲ್ಲಿ ಈ ವಿಷಕ್ಕೆ ಬಲಿಯಾದವರೂ ಇದ್ದಾರೆ.

ಅದಕ್ಕೂ ಒಂದು ವರ್ಷ ಮೊದಲು, 2020ರ ಜನವರಿಯಲ್ಲಿ, ನಮ್ಮ ನೆರೆಯ ಕೇರಳದಿಂದ ನೇಪಾಳಕ್ಕೆ ಪ್ರವಾಸ ಹೋದ 8 ಮಂದಿ ದಾಮನ್ ಎಂಬಲ್ಲಿ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಹಾಕಿ ಮಲಗಿದರು. ಯಾರೂ ಬದುಕಲಿಲ್ಲ. ಅವರಲ್ಲಿ 4 ಮಕ್ಕಳು. ಅಲ್ಲಿ ಉರಿದದ್ದು ಹೀಟರ್, ನಮ್ಮಲ್ಲಿ ಜನರೇಟರ್ ಇರಬಹುದು, ಬಾಣಂತಿ ಕೋಣೆಯ ಇದ್ದಿಲಿನ ಅಗ್ಗಿಷ್ಟಿಕೆ ಇರಬಹುದು. ಅನಿಲ ಒಂದೇ.

ಪುಟ್ಟ ಜನರೇಟರ್ ಏನು ಮಹಾ ಎನ್ನುವಂತಿಲ್ಲ. ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಈಗಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧ ಮಾಡುವ ಸಾಧನ ಇರುತ್ತದೆ. ಬಾಡಿಗೆಯ ಜನರೇಟರಿನಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ.

ಮಾಡಿ ನೋಡಿ

ಕಾಣದ ಅನಿಲವನ್ನು ಮಕ್ಕಳಿಗೆ ಹೇಗೆ ತೋರಿಸುವುದು? ನಾನು ಈಗ ಎಲ್ಲ ತರಬೇತಿಗಳಲ್ಲೂ ಹೇಳುವ ಚಟುವಟಿಕೆ ಒಂದಿದೆ. ಖರ್ಚು ಒಂದು ಊದಿನಕಡ್ಡಿ.

ತರಗತಿಯ ಕಿಟಕಿ ಬಾಗಿಲು ಮುಚ್ಚಿ. ಮಕ್ಕಳು ಕಣ್ಣು ಮುಚ್ಚಿ ಕೂರಲಿ. ನೀವು ಹೊರಗೆ ಜಗುಲಿಯ ಮೂಲೆಯಲ್ಲಿ ಊದಿನಕಡ್ಡಿ ಹಚ್ಚಿಡಿ. ವಾಸನೆ ಬಂದ ಕೂಡಲೇ ಮಕ್ಕಳು ಕೈ ಎತ್ತಬೇಕು. ಯಾವ ಬೆಂಚಿಗೆ ಎಷ್ಟು ನಿಮಿಷಕ್ಕೆ ಬಂತು ಎಂದು ಒಬ್ಬರು ಬೋರ್ಡಿನ ಮೇಲೆ ಬರೆಯಲಿ. ಗವಾಕ್ಷಿಯಿಂದ, ಬಾಗಿಲ ಸಂದಿಯಿಂದ ವಾಸನೆ ಒಳಗೆ ಬರುವುದನ್ನು ಅವರೇ ಕಂಡುಕೊಳ್ಳುತ್ತಾರೆ. ನಂತರ ಕಡ್ಡಿಯನ್ನು ಕಟ್ಟಡದಿಂದ 20 ಅಡಿ ಆಚೆ, ಗಾಳಿ ಶಾಲೆಯಿಂದ ಹೊರಕ್ಕೆ ಬೀಸುವ ಕಡೆ ಇಟ್ಟು ಮತ್ತೆ ನೋಡಿ.

ಆಮೇಲೆ ಒಂದೇ ಪ್ರಶ್ನೆ ಕೇಳಿ: “ಈ ಹೊಗೆಗೆ ವಾಸನೆಯೇ ಇಲ್ಲದಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತಿತ್ತು?” ತರಗತಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಪಾಠ ಶುರು ಮಾಡಿ. ಆದರೆ ಒಂದು ಎಚ್ಚರಿಕೆ. ಊದಿನಕಡ್ಡಿಯ ವಾಸನೆ ಬರಲಿಲ್ಲ ಎಂದ ಮಾತ್ರಕ್ಕೆ ಆ ಜಾಗ ಸುರಕ್ಷಿತ ಎಂದಲ್ಲ. ದೂರದ ನಿಯಮವನ್ನು ಯಾವಾಗಲೂ ಪಾಲಿಸಬೇಕು.

ಪಾಲಿಸಬೇಕಾದ ನಿಯಮಗಳು

1. ಜನರೇಟರ್ ಬಯಲಿನಲ್ಲೇ ಇರಲಿ. ಯಾವುದೇ ಕಟ್ಟಡ, ವೇದಿಕೆ, ಶಾಮಿಯಾನದಿಂದ ಕನಿಷ್ಠ 20 ಅಡಿ, ಅಂದರೆ ಸುಮಾರು 6 ಮೀಟರ್ ದೂರ. ಜಗುಲಿ, ಸೈಕಲ್ ಶೆಡ್ಡು, ಅಡುಗೆಕೋಣೆಯ ಹಿಂಬದಿ ಯಾವುದೂ ಬೇಡ. ಹೊಗೆ ಕೊಳವೆಯ ಬಾಯಿ ಜನರಿಲ್ಲದ ಕಡೆ ತಿರುಗಿರಲಿ. ಕಿಟಕಿ ತೆರೆದಿಟ್ಟರೆ, ಫ್ಯಾನ್ ಹಾಕಿದರೆ ಒಳಗಿಡಬಹುದು ಎಂಬ ಮಾತು ಸುಳ್ಳು.

2. ಇಬ್ಬನಿಯಿಂದ ಕಾಪಾಡಬೇಕಾದರೆ ಯಂತ್ರಕ್ಕೆ ತಾಗದಂತೆ ನಾಲ್ಕು ಕಂಬದ ಮೇಲೆ ತಗಡು ಹೊದಿಸಿ. ಸುತ್ತಲೂ ತೆರೆದಿರಲಿ. ಕೆಳಗೆ ಒಣ ಹಲಗೆ ಇರಲಿ. ತಾಡಪಾಲು ಸುತ್ತಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ಚು, ವೈರು ಮುಟ್ಟಬೇಡಿ.

3. ಇಂಜಿನ್ ಬಿಸಿಯಾದ ಮೇಲೆ ಚೋಕ್ ಹಿಂದಕ್ಕೆ ಸರಿಸಿದ್ದಾರೆಯೇ ಎಂದು ನೋಡಿ.

4. ಪೆಟ್ರೋಲ್ ಹಾಕುವಾಗ ಇಂಜಿನ್ ನಿಲ್ಲಿಸಿ, ಆರಲು ಬಿಡಿ. ಚಳಿಯಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುವುದಿಲ್ಲ ಎಂದು ನಂಬಬೇಡಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕ್ಯಾನು ದೂರದಲ್ಲಿರಲಿ, ಬೆಂಕಿ ಹತ್ತಿರ ಬಾರದಿರಲಿ.

5. ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಜನರೇಟರನ್ನು ಶಾಲೆಯ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಆ ಕರೆಂಟು ಹಿಂದಕ್ಕೆ ಹರಿದು, ಊರ ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿಗೆ ಏರಬಲ್ಲದು. ಕರೆಂಟಿಲ್ಲವೆಂದು ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಬಲಿಯಾಗುತ್ತಾನೆ. ಶಾಲೆಯ ವೈರಿಂಗಿಗೆ ಜೋಡಿಸಲೇಬೇಕಾದರೆ ಎಲೆಕ್ಟ್ರಿಷಿಯನ್ ಹಾಕಿದ ಚೇಂಜ್ ಓವರ್ ಸ್ವಿಚ್ ಮೂಲಕವೇ ಆಗಬೇಕು.

6. ಯಾರಿಗಾದರೂ ತಲೆನೋವು, ವಾಂತಿ ಎಂದರೆ ಮೊದಲ ಕೆಲಸ ಎಲ್ಲರನ್ನೂ ಬಯಲಿಗೆ ಕರೆತರುವುದು. ಜನರೇಟರ್ ನಿಲ್ಲಿಸಿ 108ಕ್ಕೆ ಫೋನ್ ಮಾಡಿ, ಅನುಮಾನ ಏನೆಂದು ಅವರಿಗೆ ಸ್ಪಷ್ಟವಾಗಿ ಹೇಳಿ.

ಕೊನೆಯ ಅಂಶಕ್ಕೆ ಒಂದು ಮಾತು ಸೇರಿಸಬೇಕು. ಕೋವಿಡ್ ನಂತರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಳ್ಳಿಗಳಿಗೂ ಬಂದಿದೆ. ಇಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಕೂತ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಕೂತದ್ದೆಂದೇ ಓದಿ 98, 99 ಎಂದು ತೋರಿಸಬಹುದು. ಸೀಟು ಭರ್ತಿಯಾಗಿದೆಯೇ ಎಂದಷ್ಟೇ ಅದಕ್ಕೆ ಗೊತ್ತು, ಕೂತವರು ಯಾರೆಂದು ಗೊತ್ತಾಗುವುದಿಲ್ಲ. ಬರೀ ಗಾಳಿಯಲ್ಲಿ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಆದ್ದರಿಂದ ಮಗು ಎದ್ದು ಕೂತಿತು ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಲೇಬೇಕು.

ಕೆಲವು ಆಕ್ಷೇಪಗಳು

“ಒಂದು ದಿನದ ಕಾರ್ಯಕ್ರಮಕ್ಕೆ ಇಷ್ಟೆಲ್ಲ ಯಾಕೆ ಸಾರ್?” ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಆ ದಿನ ಅತಿಥಿಗಳ ಊಟ, ಬಹುಮಾನದ ಪಟ್ಟಿ, ಹಾರ ತುರಾಯಿ ಎಲ್ಲವೂ ಅವರ ತಲೆಯ ಮೇಲೆಯೇ. ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಶಾಮಿಯಾನದ ಲೆಕ್ಕ ಬರೆಯುವಾಗ ಜನರೇಟರ್ ಎಲ್ಲಿ, ಅದರ ಹೊಣೆ ಯಾರದು ಎಂದು ಒಂದು ಸಾಲು ಬರೆಯಿರಿ. ಉದ್ದದ ವೈರು ತರಬೇಕೆಂದು ಮೈಕ್ ಸೆಟ್‌ನವರಿಗೆ ಮೊದಲೇ ಹೇಳಿ. 20 ಅಡಿ ಅಳೆದು ಸುಣ್ಣದ ಗೆರೆ ಹಾಕುವ ಕೆಲಸವನ್ನು ಏಳನೇ ತರಗತಿಯ ಮಕ್ಕಳಿಗೆ ಕೊಡಿ. ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯುವವರಿಗೆ ಇದೇನು ಕಷ್ಟ?

“ಮಕ್ಕಳನ್ನು ಹೆದರಿಸಿದಂತಾಗುವುದಿಲ್ಲವೇ?” ಎಂಬುದು ಇನ್ನೊಂದು ಆಕ್ಷೇಪ. ಹಾವು ಕಂಡರೆ ದೂರ ನಿಲ್ಲಬೇಕೆಂದು ಕಲಿಸುತ್ತೇವೆ. ಅದರಿಂದ ಮಕ್ಕಳು ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಕಾರಣ ಗೊತ್ತಿದ್ದರೆ ಎಚ್ಚರ ಬರುತ್ತದೆ. ಹೆದರಿಕೆ ಉಳಿಯುವುದು ಕಾರಣ ಗೊತ್ತಿಲ್ಲದಾಗ.

ನನ್ನ ನಿಜವಾದ ಕೊರಗು ಬೇರೆ. ದಹನದ ಪಾಠದಲ್ಲಿ ಅಪೂರ್ಣ ದಹನ ಎಂಬ ಮಾತು ಬರುತ್ತದೆ. ನಾವು ಅದನ್ನು ಒಂದು ಅಂಕದ ಪ್ರಶ್ನೆ ಮಾಡಿ ಬಿಟ್ಟುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ನನ್ನ ವಿದ್ಯಾರ್ಥಿಗಳು ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆದು ಅಂಕ ಪಡೆದರು. ಅದೇ ಮಕ್ಕಳನ್ನು ನಾನು ಅದೇ ಅನಿಲದ ನಡುವೆ ಮಲಗಿಸಿದೆ. ಆ ಪಾಠ ನನ್ನ ಪುಸ್ತಕದಲ್ಲಿತ್ತು, ನನ್ನ ಜಗುಲಿಗೆ ಬಂದಿರಲಿಲ್ಲ.

ಸಾಧ್ಯವಾದರೆ ಕ್ಲಸ್ಟರಿಗೆ ಒಂದರಂತೆ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಕೊಂಡು, ಕಾರ್ಯಕ್ರಮವಿರುವ ಶಾಲೆಗೆ ಕೊಟ್ಟು ಪಡೆಯುವ ವ್ಯವಸ್ಥೆಯಾಗಲಿ. ಬರೀ ಹೊಗೆ ಪತ್ತೆ ಮಾಡುವ ಗಂಟೆಗೆ ಈ ಅನಿಲ ಸಿಗುವುದಿಲ್ಲ. ಕೊಳ್ಳುವಾಗ ಇದನ್ನು ಗಮನಿಸಿ. ಆದರೆ ಗಂಟೆ ಬರುವವರೆಗೆ ಕಾಯಬೇಡಿ. ದಹನದ ಪಾಠವನ್ನು ವಾರ್ಷಿಕೋತ್ಸವದ ಮೊದಲೇ ಮುಗಿಸಿ. ಆ ಸಂಜೆ ಮಕ್ಕಳು ಮನೆಗೆ ಹೋಗಿ, “ಅಪ್ಪಾ, ಅಂಗಡಿಯ ಜನರೇಟರ್ ಶಟರಿನ ಒಳಗೆ ಇಡಬೇಡ”, “ಅಜ್ಜೀ, ಕೆಂಡದ ಬಾಂಡಲಿ ಇಟ್ಟು ಬಾಗಿಲು ಹಾಕಬೇಡ” ಎಂದು ಹೇಳಿದರೆ, ಪಾಠ ಅರ್ಥವಾಗಿದೆ ಎಂದು ತಿಳಿಯಿರಿ.

ಈ ವರ್ಷದ ನಿಮ್ಮ ವಾರ್ಷಿಕೋತ್ಸವ ಚೆನ್ನಾಗಿ ನಡೆಯಲಿ. ದೀಪ ಹಚ್ಚುವ ಮೊದಲು ಒಮ್ಮೆ ಶಾಲೆಯ ಸುತ್ತ ನಡೆದು ಬನ್ನಿ. ಜನರೇಟರಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡಿ. ಅದು ದೂರದಿಂದ ಕೇಳಿಸಿದರೆ ನೆಮ್ಮದಿಯಿಂದ ಕುಳಿತು ಮಕ್ಕಳ ಕೋಲಾಟ ನೋಡಿ.